ಕಣ್ಣುಗುಡ್ಡೆಯ ಮೇಲೊಂದು ತುಣುಕು ಚರ್ಮ

2020ರ ಆಗಸ್ಟ್ ತಿಂಗಳ ಕೊನೆ. ಅಮೆರಿಕದ ಟೆನೆಸಿ ರಾಜ್ಯದಲ್ಲಿ ನಾಕ್ಸ್‌ವಿಲ್ ನಗರಕ್ಕೆ ಅಂಟಿಕೊಂಡಂತೆ ಫ್ಯಾರಗಟ್ ಎಂಬ ಊರಿದೆ. ಅಲ್ಲಿನ ಬೀದಿಯೊಂದರಲ್ಲಿ ಎಳೆಯ ಗಂಡು ಜಿಂಕೆಯೊಂದು ದಿಕ್ಕು ತೋಚದೆ ಅಲೆಯುತ್ತಿತ್ತು. ಮೈಯಲ್ಲಿ ರಕ್ತ ಒಸರುತ್ತಿತ್ತು. ಸುತ್ತ ಜನ ಸೇರಿದರೂ ಅದು ಬೆದರಿ ಓಡಲಿಲ್ಲ. ಹತ್ತಿರ ಹೋದವರಿಗೆ ಕಂಡದ್ದು ಅದರ ಕಣ್ಣು. ಎರಡೂ ಕಣ್ಣುಗುಡ್ಡೆಗಳ ಮೇಲೆ ದಟ್ಟವಾಗಿ ಕೂದಲು ಬೆಳೆದಿತ್ತು. ರೆಪ್ಪೆಯ ಕೂದಲು ಉದ್ದವಾಗಿ ಒಳಕ್ಕೆ ಬಾಗಿದ್ದಲ್ಲ. ಗುಡ್ಡೆಯ ಮೇಲೆಯೇ ಬೇರೂರಿ ಹುಟ್ಟಿದ ಕೂದಲು.

ಜಿಂಕೆಯ ಕಣ್ಣುಗಳು ಪರೀಕ್ಷೆಗಾಗಿ ಜಾರ್ಜಿಯಾ ವಿಶ್ವವಿದ್ಯಾಲಯದ ವನ್ಯಜೀವಿ ರೋಗ ಅಧ್ಯಯನ ಕೇಂದ್ರಕ್ಕೆ ಹೋದವು. ಅಲ್ಲಿನ ತಜ್ಞರು ಇದು ಕಾರ್ನಿಯಾದ ಡರ್ಮಾಯ್ಡ್ ಎಂದು ಗುರುತಿಸಿದರು. ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಇರಬೇಕಾದ ಜಾಗದಲ್ಲಿ ಹುಟ್ಟಿನಿಂದಲೇ ಕೂಡಿಬಂದ ಚರ್ಮ. ಬಿಳಿಬಾಲದ ಜಿಂಕೆಗಳಲ್ಲಿ ಇಂಥದ್ದು ಅದಕ್ಕೆ ಮೊದಲು ದಾಖಲಾಗಿದ್ದು ಒಮ್ಮೆ ಮಾತ್ರ, 2007ರಲ್ಲಿ, ಲೂಯಿಸಿಯಾನದಲ್ಲಿ.

ಜಿಂಕೆಗೆ ಹತ್ತಿದ್ದ ಕಾಯಿಲೆ ಬೇರೆಯೇ ಇತ್ತು. ಎಪಿಝೂಟಿಕ್ ಹೆಮರೇಜಿಕ್ ಡಿಸೀಸ್ ಎಂಬ ವೈರಸ್ ರೋಗ. ಜ್ವರ, ಊತ, ಮನುಷ್ಯರ ಭಯ ಹೊರಟುಹೋಗುವುದು ಅದರ ಲಕ್ಷಣಗಳು. ಕ್ಯುಲಿಕಾಯ್ಡಿಸ್ ಎಂಬ ಅತಿ ಸಣ್ಣ ನೊರಜುಗಳು ಕಚ್ಚಿ ಹರಡುವ ರೋಗ ಅದು. ನಮ್ಮ ಕುರಿಗಾರರಿಗೆ ಚೆನ್ನಾಗಿ ಗೊತ್ತಿರುವ ನೀಲಿ ನಾಲಿಗೆ ರೋಗದ ವೈರಸ್ಸೂ ಇದೇ ಕುಲದ್ದು, ಅದನ್ನು ಹರಡುವುದೂ ಇದೇ ನೊರಜು. ಜಿಂಕೆ ಬೀದಿಗೆ ಬಂದದ್ದು ಆ ಜ್ವರದಿಂದ ಇರಬೇಕು. ನನ್ನನ್ನು ಕಾಡುವ ಪ್ರಶ್ನೆ ಅದಕ್ಕಿಂತ ಹಿಂದಿನದು. ಕಣ್ಣಿನ ಮೇಲೆ ಕೂದಲು ಹೊತ್ತ ಪ್ರಾಣಿ ಒಂದು ವರ್ಷಕ್ಕೂ ಮಿಕ್ಕಿ ಬದುಕಿದ್ದು ಹೇಗೆ? ಅದಕ್ಕೂ ಮೊದಲು, ಕಣ್ಣಿನ ಮೇಲೆ ಕೂದಲು ಹುಟ್ಟುವುದಾದರೂ ಹೇಗೆ?

ಎರಡನೆಯದಕ್ಕೆ ಉತ್ತರ ಹುಡುಕಲು ಗರ್ಭದೊಳಕ್ಕೆ ಹೋಗಬೇಕು. ಭ್ರೂಣ ಇನ್ನೂ ಕೆಲವೇ ಮಿಲಿಮೀಟರ್ ಉದ್ದ ಇರುವಾಗಲೇ ಕಣ್ಣಿನ ಕೆಲಸ ಶುರುವಾಗುತ್ತದೆ. ಮನುಷ್ಯರಲ್ಲಿ ಅದು ನಾಲ್ಕನೆಯ ವಾರ. ಹಸುವಿನಲ್ಲೂ ಗರ್ಭದ ಮೊದಲ ತಿಂಗಳಲ್ಲೇ. ಬೆಳೆಯುತ್ತಿರುವ ಮಿದುಳಿನ ಎರಡು ಪಕ್ಕಗಳಿಂದ ಎರಡು ಗುಳ್ಳೆಗಳು ಹೊರಚಾಚಿ ಮೇಲ್ಮೈಯತ್ತ ಬರುತ್ತವೆ. ಮುಂದೆ ರೆಟಿನಾ ಆಗುವುದು ಈ ಗುಳ್ಳೆ. ಅದು ಬಂದು ಮುಟ್ಟಿದ ಜಾಗದಲ್ಲಿ ಭ್ರೂಣದ ಹೊರಪದರ ದಪ್ಪಗಾಗುತ್ತದೆ, ಒಳಕ್ಕೆ ಕುಸಿಯುತ್ತದೆ, ಕಡೆಗೆ ಚೆಂಡಾಗಿ ಕಳಚಿಕೊಂಡು ಮಸೂರವಾಗುತ್ತದೆ. ಮಸೂರ ಒಳಗೆ ಹೋದ ಮೇಲೆ ಅದರ ಮುಂದೆ ಹೊರಪದರ ಮತ್ತೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಂಡ ಪದರವೇ ಕಾರ್ನಿಯಾದ ಮೇಲ್ಮೈ. ಅದರ ಅಡಿಗೆ ಸುತ್ತಲಿಂದ ಬೇರೆ ಕೋಶಗಳು ಅಲೆಅಲೆಯಾಗಿ ಬಂದು ಸೇರಿ ಕಾರ್ನಿಯಾದ ತಿರುಳನ್ನು ಕಟ್ಟುತ್ತವೆ.

ಈ ಕತೆಯಲ್ಲಿ ಒಂದು ಅಂಶವನ್ನು ಓದುಗರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕಾರ್ನಿಯಾದ ಮೇಲ್ಮೈಯೂ ಹಣೆ, ಕೆನ್ನೆ, ರೆಪ್ಪೆಗಳ ಚರ್ಮವೂ ಹುಟ್ಟುವುದು ಒಂದೇ ಹೊರಪದರದಿಂದ. ಪಕ್ಕಪಕ್ಕದಲ್ಲೇ ಇದ್ದ ಕೋಶಗಳಲ್ಲಿ ಒಂದು ಗುಂಪು ಬಣ್ಣ ತಳೆದು, ಒರಟಾಗಿ, ಕೂದಲು ಬೆಳೆಸಿ, ಎಣ್ಣೆ ಬೆವರು ಸುರಿಸುವ ಚರ್ಮವಾಗುತ್ತದೆ. ಇನ್ನೊಂದು ಗುಂಪು ಅದೆಲ್ಲವನ್ನೂ ಬಿಟ್ಟು ಬೆಳಕಿಗೆ ದಾರಿಯಾಗುತ್ತದೆ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ; ಅದಕ್ಕೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲು ಗಾಳಿಯಿಂದ ಕಣ್ಣೀರಿನ ಮೂಲಕ ಸಿಗುತ್ತದೆ. ಅದರ ತಿರುಳಿನಲ್ಲಿ ಕೊಲಾಜೆನ್ ಎಳೆಗಳು ಸಮನಾದ ದಪ್ಪದಲ್ಲಿ, ಸಮನಾದ ಅಂತರದಲ್ಲಿ ಸಾಲುಗಟ್ಟಿರುತ್ತವೆ. ಆ ಶಿಸ್ತಿನಿಂದಲೇ ಬೆಳಕು ಚದುರದೆ ಒಳಕ್ಕೆ ಹೋಗುತ್ತದೆ. ಚರ್ಮದಲ್ಲೂ ಕೊಲಾಜೆನ್ ಇದೆ, ಆದರೆ ಅಡ್ಡಾದಿಡ್ಡಿ. ಆದ್ದರಿಂದ ಚರ್ಮದ ಮೂಲಕ ಏನೂ ಕಾಣುವುದಿಲ್ಲ.

ಹಾಗಾದರೆ ಇಲ್ಲಿ ಕೂದಲು ಬೇಡ, ಅಲ್ಲಿ ಇರಲಿ ಎಂದು ನಿರ್ಧರಿಸುವುದು ಯಾವುದು? 1971ರಲ್ಲಿ ಕೂಲಂಬ್ರ್ ದಂಪತಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ತುಂಬ ಸೊಗಸಾದ ಸುಳಿವು ಕೊಟ್ಟಿತು. ಅವರು ಕೋಳಿಯ ಭ್ರೂಣದ ಕಣ್ಣಿನಲ್ಲಿ, ಕಾರ್ನಿಯಾದ ಮೇಲ್ಪದರಕ್ಕೆ ತಾಗುವಂತೆ ಇಲಿ ಭ್ರೂಣದ ಒಳಚರ್ಮದ ತುಣುಕನ್ನು ಇಟ್ಟರು. ಪಾರದರ್ಶಕವಾಗಬೇಕಿದ್ದ ಪದರದಲ್ಲಿ ಹುರುಪೆಗಳೂ ಗರಿಗಳೂ ಮೂಡಿದವು. ಗಮನಿಸಿ: ಒಳಚರ್ಮ ಇಲಿಯದು, ಆದರೆ ಮೂಡಿದ್ದು ಇಲಿಯ ಕೂದಲಲ್ಲ, ಕೋಳಿಯ ಗರಿ. ಇಲ್ಲಿ ಚರ್ಮವಾಗು, ಹೊದಿಕೆ ಬೆಳೆಸು ಎಂಬಷ್ಟು ಆದೇಶ ಕೆಳಗಿನಿಂದ ಬರುತ್ತದೆ. ಅದನ್ನು ಹೇಗೆ ಪಾಲಿಸಬೇಕೆಂಬುದನ್ನು ಮೇಲ್ಪದರ ತನ್ನ ಜಾತಿಗೆ ತಕ್ಕಂತೆ ತಾನೇ ಮಾಡಿಕೊಳ್ಳುತ್ತದೆ. ಹಕ್ಕಿಗೂ ದಂಶಕಕ್ಕೂ ಆ ಆದೇಶದ ಭಾಷೆ ಒಂದೇ ಆಗಿ ಉಳಿದಿದೆ ಎಂಬುದು ನನಗೆ ಇಂದಿಗೂ ಮೈ ನವಿರೇಳಿಸುವ ಸಂಗತಿ.

ಭ್ರೂಣದ ಕೋಶಗಳು ಎಳೆಯವು, ಹೇಗೆ ಬೇಕಾದರೂ ಬಾಗುತ್ತವೆ ಎಂದು ಯಾರಾದರೂ ಹೇಳಬಹುದು. 2000ದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಡ್ಯಾನಿಯೆಲ್ ದುವಾಯಿ ಅವರ ತಂಡ ಬೆಳೆದ ಮೊಲದ ಕಾರ್ನಿಯಾದಿಂದಲೇ ಮೇಲ್ಪದರವನ್ನು ತೆಗೆದು ಇಲಿ ಭ್ರೂಣದ ಒಳಚರ್ಮದ ಜತೆ ಕೂಡಿಸಿತು. ಅದು ಮೊದಲು ತನ್ನ ಕಾರ್ನಿಯಾತನವನ್ನು ಕಳೆದುಕೊಂಡಿತು, ಆಮೇಲೆ ಕೂದಲಿನ ಬುಡಗಳನ್ನೂ ಗ್ರಂಥಿಗಳನ್ನೂ ಹುಟ್ಟಿಸಿತು, ಕಡೆಗೆ ಚರ್ಮವೇ ಆಯಿತು. ಒಮ್ಮೆ ಕಾರ್ನಿಯಾ ಆದ ಮಾತ್ರಕ್ಕೆ ಕೋಶ ತನ್ನ ಹಳೆಯ ಸಾಧ್ಯತೆಯನ್ನು ಮರೆತಿರುವುದಿಲ್ಲ. ಕಣ್ಣು ಪಾರದರ್ಶಕವಾಗಿ ಉಳಿಯಲು ಚರ್ಮವಾಗುವ ಆದೇಶ ಅಲ್ಲಿಗೆ ತಲುಪದಂತೆ ತಡೆ ಇರಬೇಕು.

ಆ ತಡೆಗಳಲ್ಲಿ ಒಂದರ ಹೆಸರು 2006ರಲ್ಲಿ ಪ್ರಕಟವಾದ ಅಧ್ಯಯನದಿಂದ ಗೊತ್ತಾಯಿತು. ಡಿಕೆಕೆ2 ಎಂಬ ಪ್ರೋಟೀನು. ವಿಂಟ್ ಎಂಬ ಸಂಕೇತವನ್ನು ಅಡಗಿಸುವುದು ಅದರ ಕೆಲಸ. ಕೂದಲಿನ ಬುಡ ರೂಪುಗೊಳ್ಳಲು ಬೇಕಾದ ಮುಖ್ಯ ಸಂಕೇತಗಳಲ್ಲಿ ವಿಂಟ್ ಕೂಡ ಒಂದು. ಡಿಕೆಕೆ2 ಜೀನ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ ಅವುಗಳ ಕಾರ್ನಿಯಾ ಚರ್ಮದ ಗುಣ ತಳೆದಿತ್ತು, ಕಣ್ಣಿನ ಮೇಲ್ಮೈಯಲ್ಲಿ ಕೂದಲಿನ ಬುಡಗಳು ಕಾಣಿಸಿದವು. ಒಂದೇ ಒಂದು ತಡೆ ತೆಗೆದದ್ದಕ್ಕೆ ಇಷ್ಟಾಯಿತು. ಕರುವಿನಲ್ಲೋ ನಾಯಿಮರಿಯಲ್ಲೋ ಹುಟ್ಟುವ ಡರ್ಮಾಯ್ಡ್‌ಗೆ ಇದೇ ಜೀನ್ ಕಾರಣ ಎಂದು ಇದರಿಂದ ಹೇಳಲು ಬರುವುದಿಲ್ಲ. ಆ ಇಲಿಗಳಲ್ಲಿ ಇಡೀ ಮೇಲ್ಮೈ ಬದಲಾಗಿತ್ತು. ಡರ್ಮಾಯ್ಡ್ ಸಾಮಾನ್ಯವಾಗಿ ಒಂದು ತೇಪೆಯಷ್ಟು ಜಾಗಕ್ಕೆ ಸೀಮಿತ. ರೆಪ್ಪೆಗಳು ಬೆಳೆದು ಒಂದಕ್ಕೊಂದು ಕೂಡುವ ಹೊತ್ತಿನಲ್ಲಿ ಚರ್ಮದ ಚೂರೊಂದು ಸಿಕ್ಕಿಕೊಂಡು ಗುಡ್ಡೆಗೆ ಅಂಟಿ ಉಳಿಯಬಹುದು ಎಂಬುದು ಹಳೆಯ ವಿವರಣೆ. ಅಡಿಗೆ ಬಂದು ಸೇರುವ ಕೋಶಗಳಲ್ಲಿ ಕೆಲವು ದಾರಿ ತಪ್ಪಿ, ತಾವಿದ್ದಲ್ಲಿ ಚರ್ಮದ ಆದೇಶ ಕೊಡಬಹುದು ಎಂಬುದು ಇನ್ನೊಂದು. ಮೇಲಿನ ಪ್ರಯೋಗಗಳನ್ನು ಓದಿದ ಮೇಲೆ ನನ್ನ ಒಲವು ಎರಡನೆಯದರ ಕಡೆಗೆ.

ಹೇಗೇ ಹುಟ್ಟಲಿ, ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಡರ್ಮಾಯ್ಡ್‌ನಲ್ಲಿ ಕಾಣುವುದು ಅಪ್ಪಟ ಚರ್ಮ. ಕೂದಲಿನ ಬುಡ, ಎಣ್ಣೆಯ ಗ್ರಂಥಿ, ಬೆವರಿನ ಗ್ರಂಥಿ, ಕೊಬ್ಬು, ಕಪ್ಪು ಬಣ್ಣದ ಕೋಶಗಳು, ಅಪರೂಪಕ್ಕೆ ಮೃದ್ವಸ್ಥಿಯ ಚೂರು. ಎಲ್ಲವೂ ಆರೋಗ್ಯವಾಗಿಯೇ ಇರುತ್ತವೆ, ಜಾಗ ಮಾತ್ರ ತಪ್ಪು. ಆದ್ದರಿಂದ ಇದನ್ನು ಕ್ಯಾನ್ಸರ್ ಎಂದು ತಿಳಿಯಬಾರದು. ಅದು ಮೈಯ ಬೇರೆ ಕಡೆಗೆ ಹರಡುವುದಿಲ್ಲ, ಪ್ರಾಣಿಯ ಬೆಳವಣಿಗೆಯ ಜತೆ ಸ್ವಲ್ಪ ಹಿಗ್ಗಬಹುದು ಅಷ್ಟೆ. ದನಗಳ ಕಣ್ಣಿನ ಕ್ಯಾನ್ಸರ್ ಬೇರೆಯೇ ಇದೆ; ಅದು ವಯಸ್ಸಾದ ಪ್ರಾಣಿಗಳಲ್ಲಿ, ಅದರಲ್ಲೂ ಕಣ್ಣಿನ ಸುತ್ತ ಬಣ್ಣವಿಲ್ಲದ ಬಿಳಿ ಮುಖದ ತಳಿಗಳಲ್ಲಿ, ಬಿಸಿಲಿನ ಅತಿನೇರಳೆ ಕಿರಣಗಳ ಪೆಟ್ಟಿನಿಂದ ಬರುವಂಥದ್ದು.

ಬಿಳಿ ಮುಖ ಎಂದಾಗ ಹೆರೆಫರ್ಡ್ ದನಗಳ ಮಾತು ಬರಲೇಬೇಕು. ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಿಂದ ಹೊರಟು ಅಮೆರಿಕದ ಹುಲ್ಲುಗಾವಲುಗಳನ್ನು ತುಂಬಿಕೊಂಡ ಕೆಂಪು ಮೈ, ಬಿಳಿ ಮುಖದ ಮಾಂಸದ ತಳಿ ಇದು. ಕಣ್ಣಿನ ಕ್ಯಾನ್ಸರ್ ಈ ತಳಿಯನ್ನು ಕಾಡಿದೆ, ಡರ್ಮಾಯ್ಡ್ ಕೂಡ. 1984ರಲ್ಲಿ ಬಾರ್ಕ್‌ಯೂಮ್ ಮತ್ತು ಲೈಪೋಲ್ಡ್ ಎಂಬ ಸಂಶೋಧಕರು ಎರಡೂ ಕಣ್ಣುಗಳಲ್ಲಿ ಡರ್ಮಾಯ್ಡ್ ಇದ್ದ ಹೆರೆಫರ್ಡ್ ದನಗಳನ್ನು ಅಭ್ಯಾಸ ಮಾಡಿ, ಇದು ವಂಶದಲ್ಲಿ ಇಳಿದುಬರುತ್ತದೆ ಎಂದು ತೋರಿಸಿದರು. ಒಂದಲ್ಲ, ಹಲವು ಜೀನ್‌ಗಳು ಇದರ ಹಿಂದಿವೆ, ದೋಷ ಅಡಗಿಕೊಂಡು ಸಾಗುತ್ತದೆ ಎಂಬುದು ಅವರ ತೀರ್ಮಾನ. ಅಂದರೆ ತಾಯಿಯ ಕಣ್ಣೂ ತಂದೆ ಹೋರಿಯ ಕಣ್ಣೂ ಶುಭ್ರವಾಗಿದ್ದು, ಕರುವಿಗೆ ಮಾತ್ರ ಕೂದಲಿನ ಕಣ್ಣು ಬರಬಹುದು. ಇಬ್ಬರೂ ದೋಷವನ್ನು ಗುಟ್ಟಾಗಿ ಹೊತ್ತಿರುತ್ತಾರೆ.

ನಾಯಿಗಳಲ್ಲಿ ಜರ್ಮನ್ ಶೆಪರ್ಡ್, ಡ್ಯಾಷ್‌ಹುಂಡ್, ಡಾಲ್ಮೇಷಿಯನ್, ಸೇಂಟ್ ಬರ್ನಾರ್ಡ್, ಫ್ರೆಂಚ್ ಬುಲ್‌ಡಾಗ್ ತಳಿಗಳಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ಬೆಕ್ಕುಗಳಲ್ಲಿ ಬರ್ಮೀಸ್. ಕುದುರೆ, ಮೊಲ, ಗಿನಿ ಪಿಗ್‌ಗಳಲ್ಲೂ ಉಂಟು. ನಾಯಿಮರಿ ಹುಟ್ಟಿ ಹತ್ತು ಹದಿನಾಲ್ಕು ದಿನ ಕಣ್ಣೇ ತೆರೆಯದ ಕಾರಣ ಸಾಕಿದವರಿಗೆ ತಡವಾಗಿ ಗೊತ್ತಾಗುತ್ತದೆ. ತೆರೆದ ಮೇಲೂ ಕೂದಲು ಉದ್ದವಾಗುವವರೆಗೆ ಕಣ್ಣಿನ ಮೂಲೆಯಲ್ಲಿ ಏನೋ ಕೊಳೆ ಅಂಟಿದೆ ಎಂದೇ ಅನ್ನಿಸುತ್ತದೆ. ಹೊರಗಿನ ಮೂಲೆ, ಅಂದರೆ ಕಿವಿಯ ಕಡೆಯ ಅಂಚು, ಬಿಳಿಗುಡ್ಡೆ ಮತ್ತು ಕಾರ್ನಿಯಾ ಸೇರುವ ಗೆರೆ ಇದರ ಮೆಚ್ಚಿನ ಜಾಗ. ಮನುಷ್ಯರಲ್ಲೂ ಬಹುಪಾಲು ಅದೇ ಕಡೆ, ತುಸು ಕೆಳಗೆ. ಸ್ವಿಟ್ಜರ್ಲೆಂಡಿನಲ್ಲಿ ಓದಿದ ವೈದ್ಯ ಮೋರಿಸ್ ಗೋಲ್ಡನ್‌ಹಾರ್ 1952ರಲ್ಲಿ ವಿವರಿಸಿದ ಸಹಜಾತ ತೊಂದರೆಯಲ್ಲಿ ಕಣ್ಣಿನ ಡರ್ಮಾಯ್ಡ್ ಜತೆಗೆ ಕಿವಿಯ, ಬೆನ್ನುಮೂಳೆಯ ದೋಷಗಳೂ ಕೂಡಿರುತ್ತವೆ. ಆದ್ದರಿಂದಲೇ ಮಗುವಿನ ಕಣ್ಣಿನಲ್ಲಿ ಇಂಥದ್ದು ಕಂಡರೆ ವೈದ್ಯರು ಕಿವಿಯನ್ನೂ ಬೆನ್ನನ್ನೂ ಪರೀಕ್ಷಿಸುತ್ತಾರೆ.

ನಮ್ಮ ಕೊಟ್ಟಿಗೆಗಳಿಗೆ ಬರೋಣ. ಭಾರತದ ಪಶುವೈದ್ಯ ಪತ್ರಿಕೆಗಳಲ್ಲಿ ಜರ್ಸಿ, ಹೋಲ್‌ಸ್ಟೀನ್ ಫ್ರೀಸಿಯನ್ ಮಿಶ್ರತಳಿ ಕರುಗಳ, ಎಮ್ಮೆಗರುಗಳ ಕಣ್ಣಿನಿಂದ ಡರ್ಮಾಯ್ಡ್ ತೆಗೆದ ವರದಿಗಳು ಮತ್ತೆ ಮತ್ತೆ ಬರುತ್ತವೆ. ಹೆಚ್ಚಿನವು ಒಂದೊಂದು ಕರುವಿನ ಕತೆಗಳು. ಕರು ಹುಟ್ಟಿದಂದೇ ಕಣ್ಣು ತೆರೆದಿರುವುದರಿಂದ ನೋಡುವವರಿಗೆ ಅಂದೇ ಕಾಣುತ್ತದೆ. ಕಪ್ಪಗೋ ಕಂದಾಗಿಯೋ ಇರುವ ಒಂದು ದಪ್ಪ ತೇಪೆ, ಅದರಿಂದ ಹೊರಟ ಕೂದಲು. ಕಣ್ಣಿನಿಂದ ಸದಾ ನೀರು ಸೋರುತ್ತದೆ, ಕೆನ್ನೆಯ ಮೇಲೆ ಕಲೆ ಬೀಳುತ್ತದೆ, ಆ ಒದ್ದೆಗೆ ನೊಣ ಮುತ್ತುತ್ತದೆ. ಕೂದಲು ಹಗಲಿರುಳು ಕಾರ್ನಿಯಾವನ್ನು ಉಜ್ಜುತ್ತದೆ. ಕಾರ್ನಿಯಾ ಮೈಯಲ್ಲೇ ಅತಿ ಹೆಚ್ಚು ನರತುದಿಗಳಿರುವ ಜಾಗಗಳಲ್ಲಿ ಒಂದು. ಕಣ್ಣಿಗೆ ಒಂದು ಧೂಳಿನ ಕಣ ಬಿದ್ದರೆ ನಾವು ಪಡುವ ಪಾಡು ನೆನೆದರೆ ಆ ಕರುವಿನ ನೋವು ಅರ್ಥವಾಗುತ್ತದೆ. ಉಜ್ಜಾಟ ಮುಂದುವರಿದರೆ ಹುಣ್ಣಾಗುತ್ತದೆ, ಅಂಚಿನಿಂದ ರಕ್ತನಾಳಗಳು ಒಳಕ್ಕೆ ತೆವಳುತ್ತವೆ, ಕಣ್ಣಿಗೆ ಹೂ ಬಿದ್ದು ನೋಟ ಮಂಕಾಗುತ್ತದೆ.

ಈ ಹಂತದಲ್ಲಿ ಮನೆಯವರು ಮಾಡುವ ಉಪಚಾರದಿಂದಲೇ ಎಷ್ಟೋ ಸಲ ಹಾನಿ ಹೆಚ್ಚುತ್ತದೆ. ಕೆಲವೆಡೆ ಉಪ್ಪು ಅಗಿದು ಕಣ್ಣಿಗೆ ಊದುತ್ತಾರೆ, ಹೊಗೆಸೊಪ್ಪಿನ ರಸ ಬಿಡುತ್ತಾರೆ. ಹುಣ್ಣಾದ ಕಣ್ಣಿಗೆ ಇವು ಬೆಂಕಿ. ಇನ್ನು ಕೆಲವರು ಕೂದಲನ್ನಷ್ಟೇ ಕತ್ತರಿಸುತ್ತಾರೆ ಅಥವಾ ಕಿತ್ತುಹಾಕುತ್ತಾರೆ. ಕತ್ತರಿಸಿದ ಕೂದಲಿನ ಮೊಂಡು ತುದಿ ಮೊದಲಿಗಿಂತ ಹೆಚ್ಚು ಚುಚ್ಚುತ್ತದೆ. ಕಿತ್ತರೂ ಬುಡ ಇರುವ ತನಕ ಅದು ಮತ್ತೆ ಬರುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಇರುವ ಕಣ್ಣಿನ ಹನಿಯನ್ನಂತೂ ಹುಣ್ಣಿರುವ ಕಣ್ಣಿಗೆ ಹಾಕಲೇಬಾರದು. ಅದು ಗಾಯ ಮಾಯುವುದನ್ನು ತಡೆದು ಕಾರ್ನಿಯಾ ತೂತಾಗುವ ಅಪಾಯ ತಂದೊಡ್ಡುತ್ತದೆ.

ಇದಕ್ಕೆ ನಿಜವಾದ ಪರಿಹಾರ ಒಂದೇ, ಶಸ್ತ್ರಚಿಕಿತ್ಸೆ. ಹೆದರುವಂಥದ್ದೇನಲ್ಲ, ಆದರೆ ಪಳಗಿದ ಕೈ ಬೇಕು. ಕರುವಿಗೆ ಮಂಪರಿನ ಚುಚ್ಚುಮದ್ದು ಕೊಟ್ಟು ಮಲಗಿಸುತ್ತಾರೆ. ರೆಪ್ಪೆ ಮಿಟುಕಿಸುವ ನರವನ್ನೂ ಗುಡ್ಡೆಯ ಹಿಂದಿನ ನರಗಳನ್ನೂ ಲಿಗ್ನೊಕೇನ್‌ನಿಂದ ಮರಗಟ್ಟಿಸುತ್ತಾರೆ. ಬಳಿಕ ತೇಪೆಯ ಅಂಚನ್ನು ಚಿಮುಟದಲ್ಲಿ ಎತ್ತಿ ಹಿಡಿದು, ಸಣ್ಣ ಬ್ಲೇಡಿನಿಂದ ಅದರ ಸುತ್ತ ಗೀರಿ, ಈರುಳ್ಳಿಯ ಪದರ ಬಿಡಿಸಿದಂತೆ ಕಾರ್ನಿಯಾದ ಮೇಲಿನ ಪದರದ ಸಮೇತ ಬಿಡಿಸುತ್ತಾರೆ. ಇಡೀ ಕಾರ್ನಿಯಾದ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಡರ್ಮಾಯ್ಡ್ ಅದರಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಬಿಡಿಸುವ ತನಕ ಖಚಿತವಾಗಿ ತಿಳಿಯದು. ಆಳ ಹೆಚ್ಚಾದರೆ ಕಣ್ಣು ತೂತಾಗುತ್ತದೆ. ಕಡಿಮೆಯಾದರೆ ಬುಡ ಉಳಿದು ಕೂದಲು ಮರಳುತ್ತದೆ. ಪಶುವೈದ್ಯರ ನಿಜವಾದ ವಿದ್ಯೆ ಇರುವುದು ಈ ಕೂದಲೆಳೆಯ ಅಂತರದಲ್ಲಿ. ಅವರಿಗೆ ಸಲ್ಲಬೇಕಾದ ಮನ್ನಣೆಯನ್ನು ನಾವು ಸರಿಯಾಗಿ ಕೊಟ್ಟಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ತೆಗೆದ ಮೇಲೆ ಉಳಿದ ಗಾಯವನ್ನು ಸುತ್ತಲಿನ ಕಾರ್ನಿಯಾದ ಕೋಶಗಳು ಸರಿದು ಬಂದು ಮುಚ್ಚುತ್ತವೆ. ಸಾಮಾನ್ಯವಾಗಿ ಒಂದೆರಡು ವಾರ ಸಾಕು. ಆ ತನಕ ಆಂಟಿಬಯಾಟಿಕ್ ಮುಲಾಮು, ನೋವಿಗೆ ಅಟ್ರೊಪಿನ್ ಹನಿ, ಕರು ಕಣ್ಣನ್ನು ಕಂಬಕ್ಕೆ ಉಜ್ಜಿಕೊಳ್ಳದಂತೆ ಕಾವಲು. ತೇಪೆ ಇದ್ದ ಜಾಗದಲ್ಲಿ ತೆಳು ಬಿಳಿ ಕಲೆ ಉಳಿಯುವುದುಂಟು. ಅದು ಅಂಚಿನಲ್ಲಿದ್ದರೆ ನೋಟಕ್ಕೆ ಅಡ್ಡಿಯಿಲ್ಲ. ಕರು ಎಲ್ಲ ಕರುಗಳಂತೆ ಬೆಳೆದು ಹಸುವಾಗುತ್ತದೆ.

ಕಾಡಿನಲ್ಲಿ ಹುಟ್ಟುವ ಮರಿಗೆ ಈ ಭಾಗ್ಯವಿಲ್ಲ. ವನ್ಯಪ್ರಾಣಿಗಳಲ್ಲಿ ಡರ್ಮಾಯ್ಡ್ ಅಪರೂಪ ಎಂದು ಓದುವಾಗ ನಾವು ಒಂದನ್ನು ನೆನಪಿಡಬೇಕು. ಅಪರೂಪವಾಗಿರುವುದು ದಾಖಲೆ. ಕಣ್ಣು ಕಾಣದ ಜಿಂಕೆಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ನರಿ, ತೋಳಗಳ ಪಾಲಾಗುತ್ತದೆ. ಅದರ ಕಣ್ಣನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ. ಸಾಕುಪ್ರಾಣಿಗಳಲ್ಲಿ ಹೆಚ್ಚು ಕಾಣುವುದಕ್ಕೆ ಎರಡು ಕಾರಣ ಕೂಡಿಕೊಂಡಿವೆ: ಒಂದೇ ವಂಶದೊಳಗೆ ಕೂಡಿಸಿ ಬೆಳೆಸಿದ ತಳಿಗಳಲ್ಲಿ ಅಡಗಿದ ದೋಷಗಳು ಜೋಡಿಯಾಗುತ್ತವೆ, ಜತೆಗೆ, ಪ್ರತಿ ಕರುವಿನ ಮುಖವನ್ನೂ ಯಾರೋ ಒಬ್ಬರು ನೋಡುತ್ತಾರೆ.

ಫ್ಯಾರಗಟ್‌ನ ಜಿಂಕೆ ಒಂದು ವರ್ಷ ದಾಟಿದ್ದಕ್ಕೆ ತಜ್ಞರು ಕೊಡುವ ವಿವರಣೆ ಸರಳ. ಕೂದಲು ಒಮ್ಮೆಲೇ ಕಣ್ಣು ಮುಚ್ಚಿರಲಾರದು, ನಿಧಾನವಾಗಿ ಬೆಳೆದಿರಬೇಕು, ಜಿಂಕೆ ಅದಕ್ಕೆ ತಕ್ಕಂತೆ ಬದುಕುವುದನ್ನು ಕಲಿತಿರಬೇಕು. ಬೆಳಕು, ಕತ್ತಲೆಗಳ ವ್ಯತ್ಯಾಸ ಅದಕ್ಕೆ ತಿಳಿಯುತ್ತಿದ್ದಿರಬಹುದು. ಜಿಂಕೆಯ ಲೋಕದಲ್ಲಿ ಮೂಗು ಮತ್ತು ಕಿವಿಗಳ ಪಾಲು ದೊಡ್ಡದು. ಎಳೆಯದರಲ್ಲಿ ತಾಯಿಯ ಹಿಂದೆ ವಾಸನೆ ಹಿಡಿದು ನಡೆದಿರಬಹುದು ಎಂದು ನಾನು ಊಹಿಸುತ್ತೇನೆ.

ಕರ್ನಾಟಕದ ಹೈನುಗಾರರಲ್ಲಿ ಒಂದು ಕೋರಿಕೆ ಇದೆ. ಇಂದು ಹೆಚ್ಚಿನ ಕರುಗಳು ಕೃತಕ ಗರ್ಭಧಾರಣೆಯಿಂದ ಹುಟ್ಟುತ್ತವೆ. ಒಂದು ಹೋರಿಯ ವೀರ್ಯ ಸಾವಿರಾರು ಹಸುಗಳಿಗೆ ತಲುಪುತ್ತದೆ. ಹೆರೆಫರ್ಡ್ ದನಗಳಲ್ಲಿ ಕಂಡ ಆನುವಂಶಿಕತೆ ನಮ್ಮ ಮಿಶ್ರತಳಿಗಳಿಗೂ ಹಾಗೆಯೇ ಅನ್ವಯಿಸುತ್ತದೆ ಎಂದು ಹೇಳಲಾಗದು. ಆದರೆ ಅನ್ವಯಿಸುತ್ತದೆಯೋ ಇಲ್ಲವೋ ಎಂದು ತಿಳಿಯಲು ಇರುವ ದಾರಿ ಒಂದೇ, ಹುಟ್ಟುದೋಷದ ಪ್ರತಿ ಕರುವೂ ಲೆಕ್ಕಕ್ಕೆ ಬರಬೇಕು. ವೀರ್ಯದ ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಗರ್ಭಧಾರಣೆ ಮಾಡಿಸಿದ ದಿನವೇ ಅದನ್ನು ಬರೆದಿಟ್ಟುಕೊಳ್ಳಿ. ಕರು ಹುಟ್ಟಿದ ದಿನ ಕೆಚ್ಚಲಿನ ಹಾಲು ಕುಡಿಸುವ ಹೊತ್ತಿಗೆ ಎರಡೂ ಕಣ್ಣುಗಳನ್ನು ಹಗಲು ಬೆಳಕಿನಲ್ಲಿ ನೋಡಿ. ಗುಡ್ಡೆಯ ಮೇಲೆ ತೇಪೆಯೋ ಕೂದಲೋ ಕಂಡರೆ ಅದನ್ನು ಶಾಪ ಎಂದು ಬಚ್ಚಿಡಬೇಡಿ, ಕರುವನ್ನು ಮಾರಿ ಕೈತೊಳೆದುಕೊಳ್ಳಲೂಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಕರೆದೊಯ್ಯಿರಿ, ಹೋರಿಯ ಸಂಖ್ಯೆಯನ್ನೂ ವೈದ್ಯರಿಗೆ ಕೊಡಿ, ಅದೇ ಜೋಡಿಯನ್ನು ಮತ್ತೆ ಕೂಡಿಸಬೇಡಿ. ಎರಡೂ ಕಣ್ಣುಗಳಲ್ಲಿ ಡರ್ಮಾಯ್ಡ್ ಇದ್ದ ಹೆಣ್ಣುಗರು ಚಿಕಿತ್ಸೆಯ ಮೇಲೆ ಚೆನ್ನಾಗಿ ಬೆಳೆದರೂ, ಅದರ ಸಂತತಿಯನ್ನು ಬೆಳೆಸುವ ಮುನ್ನ ಪಶುವೈದ್ಯರನ್ನು ಕೇಳಿ.